ನಂದು ಆಕಿ ಹೇಳ್ತಾಳ, ಆಕೀದು ನಾ ಹೇಳ್ತೀನಿ

ಆ ಶನಿವಾರ ಗೋವೆಯ ದಾಬೋಲಿಮ್‌ನ ಲಾಂಡ್ರಿಯ ಊಟದ ಶೆಡ್ಡಿನಲ್ಲಿ ನಾವು ಹದಿನೆಂಟು ಮಂದಿ ಇದ್ದೆವು. ಹೋಟೆಲುಗಳ ಚಾದರ, ಟವೆಲ್ಲು ಮಡಚುವ ಹದಿನೈದು ಹೆಂಗಸರು, ಲಾಂಡ್ರಿಯ ಮಾಲೀಕರಾದ ರಮಾಕಾಂತ ಬಾಬ್, ಪುಣೆಯಿಂದ ಬೆಳಗಿನ ವಿಮಾನದಲ್ಲಿ ಬಂದಿಳಿದ ಅದಿತಿ ಮೇಡಂ, ಮತ್ತೆ ನಾನು. (ಮೇಡಂ ಅವರ ಲ್ಯಾಪ್‌ಟಾಪನ್ನೂ ಲೆಕ್ಕಕ್ಕೆ ಹಿಡಿದರೆ ಹತ್ತೊಂಬತ್ತು. ಹಿಡಿಯಲೇಬೇಕು. ನಮ್ಮೆಲ್ಲರಿಗಿಂತ ಹೆಚ್ಚಿನ ಮರ್ಯಾದೆ ಅದಕ್ಕೇ ಇತ್ತು. ಫ್ಯಾನು ಅದರ ಕಡೆಗೇ ತಿರುಗಿತ್ತು.)

ಅದಿತಿ ಮೇಡಂ ನಗುನಗುತ್ತಲೇ ಹಿಂದಿಯಲ್ಲಿ ಶುರು ಮಾಡಿದರು. “ಮೊದಲು ಎಲ್ಲರೂ ತಮ್ಮ ತಮ್ಮ ಬಗ್ಗೆ ಒಂದೊಂದು ಒಳ್ಳೆಯ ಮಾತು ಹೇಳಿ ನೋಡೋಣ!”

ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಇನ್ನೊಬ್ಬಳು ಪಕ್ಕದವಳ ಬೆನ್ನಿಗೆ ಮುಖ ಮರೆಸಿದಳು. ಮೂರನೆಯವಳು ಎದ್ದು, “ಸಾಹುಕಾರ್ರ, ರೋಲರ್ ಬಿಸಿ ಆಗೇತಿ, ನಾ ಹೊಕ್ಕೀನ್ರಿ” ಅಂದು ಹೊರಟೇಬಿಟ್ಟಳು. ಅವಳ ಹಿಂದೆ ನಾಲ್ವರು.

“ಏನಾಯಿತು? ನಾನೇನಾದರೂ ತಪ್ಪು ಕೇಳಿದೆನೇ?” ಎಂದು ಮೇಡಂ ಗಾಬರಿಯಾದರು.

ಏನಂತ ಹೇಳಲಿ? ತಾಯೀ, ನೀವು ಕೇಳಿದ್ದು ತಪ್ಪಲ್ಲ, ಕೇಳಿದ್ದು ಇವರನ್ನು ಎನ್ನಲೇ?

ನಾನು ಅಲ್ಲಿ ಏಕಿದ್ದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಡಗಾಂವ್‌ನಲ್ಲಿ ನಮ್ಮ ಅಜ್ಜ ಧಾರವಾಡದಿಂದ ಬಂದು ಹಾಕಿದ ಸಾಬೂನು, ಸೋಡಾದ ಅಂಗಡಿಯನ್ನು ನಾನು ನಡೆಸುತ್ತೇನೆಂಬುದು ಈ ಅಂಕಣ ಓದುವವರಿಗೆ ಹೊಸದಲ್ಲ. ಆ ಲಾಂಡ್ರಿಗೆ ಸಾಬೂನಿನ ಪುಡಿ ಹೋಗುವುದು ನಮ್ಮಲ್ಲಿಂದಲೇ. ಹಾಗಾಗಿ ಬಾಬ್ ಫೋನ್ ಮಾಡಿ, “ಶೇಟ್, ನಮ್ಮ ಹೆಂಗಸರೆಲ್ಲ ನಿಮ್ಮ ಭಾಷೆಯವರು. ಒಂದು ಟೆಸ್ಟ್ ಇದೆ. ಪ್ರಶ್ನೆ ಓದಿ ಹೇಳಿ, ಅವರು ಹೇಳಿದ ಉತ್ತರಕ್ಕೆ ಟಿಕ್ ಹಾಕಿದರೆ ಸಾಕು” ಎಂದರು. ಪುಡಿ ಮಾರುವವನಿಗೆ ಪುಡಿ ಕೊಳ್ಳುವವರ ಎದುರು ‘ಇಲ್ಲ’ ಎನ್ನುವ ಶಬ್ದ ಬರುತ್ತದೆಯೇ?

ಟೆಸ್ಟ್ ಯಾಕೆಂದರೆ, ಮಡಚುವ ವಿಭಾಗದ ಸೂಪರ್‌ವೈಜರ್ ಮಿಂಗೆಲ್ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದವರು ಅಲ್ಲೇ ಉಳಿದುಬಿಟ್ಟಿದ್ದರು. ಜಾಗ ಖಾಲಿ. ಆ ಜಾಗ ಯಾರಿಗೆ ಹೋಗಬೇಕೆಂದು ಲಾಂಡ್ರಿಯಲ್ಲಿ ಕೇಳಿದರೆ ವಾಚ್‌ಮನ್ನನೂ ಹೇಳುತ್ತಿದ್ದ: ನೀಲವ್ವ.

ನೀಲವ್ವ ಮುದ್ದೇಬಿಹಾಳದ ಕಡೆಯವಳು. ಉಳಿದವರಂತೆ ಅವಳದೂ ಮಡಗಾಂವ್‌ನ ಮೋತಿ ಡೊಂಗರ್ ಗುಡ್ಡದಲ್ಲಿ ಮನೆ. ಐವತ್ತರ ಹತ್ತಿರದ ವಯಸ್ಸು. ಕಣ್ಣು ಮುಚ್ಚಿ ಚಾದರ ಮುಟ್ಟಿದರೆ ಯಾವ ಹೋಟೆಲಿನದೆಂದು ಹೇಳುತ್ತಾಳೆ. ಇಸ್ತ್ರಿ ರೋಲರ್ ಕಿರಕಿರ ಅಂದರೆ ಎಲ್ಲರಿಗೂ ಕೇಳುತ್ತದೆ. ಅದು ಇನ್ನೇನು ಕಿರಕಿರ ಅನ್ನಲಿದೆ ಎಂಬುದು ಅವಳೊಬ್ಬಳಿಗೇ ಕೇಳುತ್ತದೆ. ಯಾರ ಕೈ ಸೋತಿದೆ, ಯಾರನ್ನು ಟವೆಲ್ಲಿಗೆ ಹಾಕಬೇಕು, ಯಾರನ್ನು ಯಾರ ಪಕ್ಕ ನಿಲ್ಲಿಸಬಾರದು ಎಂಬುದೆಲ್ಲ ಅವಳ ಲೆಕ್ಕ. ಮಿಂಗೆಲ್ ಇದ್ದಾಗಲೂ ರಿಜಿಸ್ಟರಿಗೆ ಸಹಿ ಮಿಂಗೆಲ್‌ರದು, ಕೆಲಸ ಹಂಚುವುದು ನೀಲವ್ವನದು.

ಆದರೆ ಅವಳ ಮೊಣಕಾಲು ಸೋತಿತ್ತು. ಹನ್ನೆರಡು ವರ್ಷ ಸಿಮೆಂಟ್ ನೆಲದ ಮೇಲೆ ನಿಂತ ಕಾಲು. ಒಮ್ಮೆ ಪುಡಿಯ ಚೀಲ ಇಳಿಸುವಾಗ ಮೆಲ್ಲಗೆ ಹೇಳಿದ್ದಳು: “ಸಾಹುಕಾರ್ರ, ಈ ಮೊಣಕಾಲ ಇನ್ನ ಭಾಳ ದಿನ ಎಳಿಯಾಂಗಿಲ್ರಿ. ಕುಂತ ಮಾಡೂ ಕೆಲಸ ಸಿಕ್ರ ಇರತೀನಿ. ಇಲ್ಲಾಂದ್ರ ಮನಿ ಹಿಡೀಬೇಕ.”

“ಬಾಬ್‌ಗೆ ಹೇಳಬಾರದೇನು?”

“ಕೊಡ್ರಿ ಅಂತ ನಾನ ಹೆಂಗ ಕೇಳ್ಲಿ? ಚಲೋ ಕಾಣ್ತೈತೇನ್ರಿ ಅದು?”

ಬಾಬ್ ಕೆಟ್ಟವರೇನಲ್ಲ. ಅವರಾಗಿಯೇ ಕೊಡುತ್ತಿದ್ದರೇನೋ. ಅಷ್ಟರಲ್ಲಿ ಹೋಟೆಲಿನವರ ಮೀಟಿಂಗೊಂದಕ್ಕೆ ಹೋಗಿ ಕುಳಿತರು. ಅಲ್ಲಿ ಎಲ್ಲರೂ ಟ್ಯಾಲೆಂಟ್, ಮೋಟಿವೇಶನ್, ಪೊಟೆನ್ಶಿಯಲ್ ಅನ್ನುವವರೇ. ಬಾಗಿಲು ತೆರೆಯುವ ದರವಾನನಿಗೂ ಟೆಸ್ಟ್ ಮಾಡಿಸಿದ್ದಾರಂತೆ. (ಬಾಗಿಲು ತೆರೆಯುವ ಉತ್ಸಾಹ ಅವನಲ್ಲಿ ಒಳಗಿನಿಂದ ಬರುತ್ತದೋ ಹೊರಗಿನಿಂದಲೋ ಎಂದು. ಬಾಗಿಲಿನ ಒಳಗೋ ಹೊರಗೋ ಎಂದು ಕೇಳಿದ್ದರೆ ಪಾಪ ಅವನಾದರೂ ಹೇಳುತ್ತಿದ್ದ.) ವಾಪಸು ಬಂದವರಿಗೆ, ಎದುರಿಗೆ ಹನ್ನೆರಡು ವರ್ಷದಿಂದ ಓಡಾಡುತ್ತಿರುವ ಹೆಂಗಸು ಸಾಲದಾಯಿತು. ಅವಳ ಬಗ್ಗೆ ಒಂದು ಪಿಡಿಎಫ್ ಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಗೋವೆಯಲ್ಲಿ ಆ ಮದ್ದಿಗೆ ಪುಣೆಯ ಚೀಟಿ ಬೇಕು.

ಸರಿ, ಮತ್ತೆ ಶೆಡ್ಡಿಗೆ ಬರೋಣ.

ಎದ್ದು ಹೋದ ಐವರನ್ನು ನೀಲವ್ವನೇ ಕರೆತಂದು ಕೂರಿಸಿದಳು. ಮೇಡಂ ನನ್ನ ಕೈಗೆ ಹದಿನೈದು ಹಾಳೆ ಕೊಟ್ಟರು. ಒಂದೊಂದರಲ್ಲೂ ನಲವತ್ತು ಪ್ರಶ್ನೆ. ಅಷ್ಟರಲ್ಲಿ ಬಾಬ್, “ಬನ್ನಿ ಮೇಡಂ, ಹೊಸ ಡ್ರೈಯರ್ ತೋರಿಸುತ್ತೇನೆ” ಎಂದು ಅವರನ್ನು ಕರೆದೊಯ್ದರು. ಪರೀಕ್ಷೆ ನಡೆಸುವ ಹೊಣೆ ನನ್ನ ತಲೆಗೆ. ಸಾಬೂನು ವ್ಯಾಪಾರಿ ರಾತ್ರೋರಾತ್ರಿ, ಅಲ್ಲಲ್ಲ, ಹಾಡಹಗಲೇ ಮನಶ್ಶಾಸ್ತ್ರಜ್ಞನಾದ.

ಮೊದಲ ಪ್ರಶ್ನೆ ಓದಿದೆ. “ನಾನು ನನ್ನ ಕೆಲಸವನ್ನು ಬೇರೆಯವರಿಗಿಂತ ಚೆನ್ನಾಗಿ ಮಾಡುತ್ತೇನೆ. ಹೌದು, ಸ್ವಲ್ಪ ಹೌದು, ಇಲ್ಲ. ಹೂಂ, ಹೇಳ್ರಿ ಗಂಗವ್ವ.”

ಗಂಗವ್ವ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು. ಪಕ್ಕದಲ್ಲೇ ಅವಳ ಸೊಸೆ ಕಸ್ತೂರಿ. ಇಬ್ಬರೂ ಒಂದೇ ಮನೆಯಿಂದ ಬಂದು ಒಂದೇ ಮೇಜಿನಲ್ಲಿ ಟವೆಲ್ಲು ಮಡಚುವವರು. ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಸಾಹುಕಾರ್ರ, ನೀವ ಧಾರವಾಡದವರಾಗಿ ಹಿಂಗ ಕೇಳೂದೇನ್ರಿ? ಎಲ್ಲಾರಕಿಂತ ನಾನ ಶಾಣ್ಯಾಕಿ ಅಂತ ನನ್ನ ಬಾಯಿಲೆ ನಾನ ಹೇಳ್ಲಿ? ದೃಷ್ಟಿ ಆಗಿ ನಾಳಿ ಕೈ ಮುರಕೊಂಡ ಕುಂದ್ರಬೇಕೇನ?”

ನಾಚಿಕೆಯಾಯಿತು. ಖರೇ ಅಲ್ಲವೇ? ನಮ್ಮ ಅಜ್ಜಿ ಮಾಡುತ್ತಿದ್ದ ಹೋಳಿಗೆಯ ರುಚಿಗೆ ಬೀದಿಯೇ ಮನೆಗೆ ಬರುತ್ತಿತ್ತು. ಬಂದವರು “ಭಾಳ ಚಲೋ ಆಗ್ಯಾವ್ರಿ” ಅಂದರೆ ಅಜ್ಜಿ, “ಎಲ್ಲೀದವಾ, ಕಣಕ ಸ್ವಲ್ಪ ಬಿರಸ ಆತು” ಅನ್ನುತ್ತಿದ್ದಳು. ಬಿರುಸಾಗಿರಲಿಲ್ಲ. ಯಾವತ್ತೂ ಆಗಿರಲಿಲ್ಲ. ಹಾಗೆ ಅನ್ನಬೇಕು, ಅಷ್ಟೇ. ಎದುರಿಗಿದ್ದವರು ಇನ್ನೊಮ್ಮೆ ಹೊಗಳಬೇಕು, ಇವಳು ಇನ್ನೊಮ್ಮೆ ಅಲ್ಲಗಳೆಯಬೇಕು. ಆ ಆಟ ಗೊತ್ತಿಲ್ಲದವನಿಗೆ ಅಜ್ಜಿ ಕೆಟ್ಟ ಅಡುಗೆಯವಳಾಗಿಯೇ ಕಾಣುತ್ತಿದ್ದಳು. ಅವಳ ಮುಂದೆ ಈ ಹಾಳೆ ಇಟ್ಟಿದ್ದರೆ? ‘ಅಭ್ಯರ್ಥಿಗೆ ಕಣಕದ ಮೇಲೆ ಹಿಡಿತವಿಲ್ಲ, ತರಬೇತಿ ಅಗತ್ಯ.’

ಈಗಿನವರದು ಬೇರೆ. ನಮ್ಮ ಸಂಬಂಧಿಕರ ಹುಡುಗನೊಬ್ಬ ಹೋಟೆಲಿನ ರಿಸೆಪ್ಶನ್ ಕೆಲಸಕ್ಕೆ ಬಯೋಡೇಟಾ ಬರೆದಿದ್ದ. ಡೈನಾಮಿಕ್, ಪ್ಯಾಶನೇಟ್, ಸೆಲ್ಫ್ ಮೋಟಿವೇಟೆಡ್ ಅಂತೆ. ಅವನನ್ನು ಹಾಸಿಗೆಯಿಂದ ಎಬ್ಬಿಸಲು ಮನೆಯಲ್ಲಿ ಮೂರು ಜನ ಬೇಕು. ಕೆಲಸ ಸಿಕ್ಕಿತು, ಬಿಡಿ.

ಗಂಗವ್ವನಿಗೆ ಹೇಳಿದೆ, “ಹೇಳದಿದ್ದರೆ ಹಾಳೆ ಖಾಲಿ ಉಳಿತದವ್ವಾ. ಏನು ಮಾಡೂದು?”

ಅವಳ ಬಳಿ ಉತ್ತರ ಸಿದ್ಧವಿತ್ತು. “ತನ್ನ ಬೆನ್ನ ತನಗ ಕಾಣತೈತೇನ್ರಿ? ಬಾಜೂಕ ಕುಂತಾಕಿಗೆ ಕಾಣತೈತಿ. ನಂದು ಆಕಿ ಹೇಳ್ತಾಳ, ಆಕೀದು ನಾ ಹೇಳ್ತೀನಿ. ಬರಕೋರಿ.”

ಹೆಂಗಸರೆಲ್ಲ ಒಮ್ಮೆಲೇ, “ಹೌದ್ರಿ, ಹೌದ್ರಿ, ಇದು ಖರೇ ಮಾತು” ಅಂದರು. ನನಗೂ ಖರೇ ಅನಿಸಿತು. ನಿಮಗೆ ಅನಿಸುತ್ತಿರಲಿಲ್ಲವೇ?

ಜೋಡಿ ಜೋಡಿಯಾಗಿ ಕುಳಿತರು. ನಾಚಿಕೆ ಹಾರಿಹೋಯಿತು. ಸಂತೆಯೇ ಶುರುವಾಯಿತು.

“ಇಕಿ ಕೈಯಾಗ ಚಾದರ ಅಂದ್ರ ಹೂವಿನಂಗ್ರಿ. ‘ಹೌದು’ಕ್ಕ ಎರಡ ಸಲ ಗುರ್ತ ಹಾಕ್ರಿ.”

“ಇಕಿ ಕಷ್ಟಕ್ಕ ಹೆದರಾಕಿ ಅಲ್ರಿ. ಗಂಡ ಕುಡದ ಬಂದ್ರ ಹೊರಗ ನಿಲ್ಲಿಸಿ ಕದಾ ಹಾಕ್ಕೋತಾಳ.” (ಈ ಉತ್ತರವನ್ನು ಯಾವ ಪ್ರಶ್ನೆಗೆ ಹಾಕುವುದೆಂದು ತಿಳಿಯದೆ ‘ಸಂಕಷ್ಟ ನಿರ್ವಹಣೆ’ಗೆ ಹಾಕಿದೆ.)

ಎಲ್ಲಕ್ಕಿಂತ ಮಜಾ ಬಂದದ್ದು ಗಂಗವ್ವ ಸೊಸೆಯ ಬಗ್ಗೆ ಹೇಳುವಾಗ. ಮನೆಯಲ್ಲಿ ಸೊಸೆ ಕುದಿಸಿದ ಚಹಾ ಒಂದು ದಿನವೂ ಸರಿ ಅನ್ನದ ಅತ್ತೆ, ಹದಿಮೂರು ಹೆಂಗಸರು ಕಿವಿಗೊಟ್ಟು ಕುಳಿತಿದ್ದಾರೆ ಎಂದಾಗ ಏನು ಹೇಳಬೇಕು? ನಮ್ಮ ಮನೆಗೆ ತಂದದ್ದು ಅಡ್ನಾಡಿ ಸೊಸೆಯನ್ನು ಅನ್ನಲಾದೀತೇ?

“ನಮ್ಮ ಕಸ್ತೂರಿ? ಅಕೀದೇನ ಕೇಳ್ತೀರಿ! ಒಂದ ಸಲ ತೋರಿಸಿದ್ರ ಸಾಕು, ಹತ್ತ ಮಂದಿಗಿ ಕಲಸ್ತಾಳ. ಸಿಟ್ಟ ಅನ್ನೂದ ಗೊತ್ತಿಲ್ಲ. ಮುಂದ ನಿಂತ ಮಾಡಾಕಿ. ನಮ್ಮ ಮನಿತನದಾಗ ಹಿಂಥಾಕಿ ಬಂದಿದ್ದಿಲ್ಲ.”

ಕಸ್ತೂರಿ ಬಾಯಿ ತೆರೆದು ಅತ್ತೆಯ ಮುಖ ನೋಡುತ್ತಿದ್ದಳು. ಮದುವೆಯಾದ ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದ ಮಾತು. ಟಿಕ್, ಟಿಕ್, ಟಿಕ್.

ಹದಿನೈದು ಬೆಸ ಸಂಖ್ಯೆ. ಏಳು ಜೋಡಿಯಾದ ಮೇಲೆ ಉಳಿದವಳು ನೀಲವ್ವ. “ಅಕ್ಕಂದು ನಾ ಹೇಳ್ತೀನಿ”, “ನೀ ಯಾವಾಕಿ, ನಾ ಹೇಳ್ತೀನಿ” ಎಂದು ನಾಲ್ಕೈದು ಜನ ಜಗಳಕ್ಕೇ ನಿಂತರು. ನೀಲವ್ವ ಗದರಿದಳು: “ಸುಮ್ಮನ ಕುಂದ್ರರಿ. ಮಷೀನ ಕಾಯಾಕತ್ತೇತಿ. ನಂದೇನೈತಿ, ನಾನ ಹೇಳಿ ಮುಗಸ್ತೀನಿ.”

“ನಿಮ್ಮ ಕೆಲಸ ಬೇರೆಯವರಿಗಿಂತ ಚಲೋ ಮಾಡ್ತೀರಾ?”

“ಇಲ್ರಿ. ಎಲ್ಲಾರೂ ಮಾಡ್ತಾರ.”

“ತಂಡವನ್ನು ಮುನ್ನಡೆಸುವ ಶಕ್ತಿ ಇದೆಯಾ?”

“ಅವರೇನ ಕುರಿ ಏನ್ರಿ, ನಾ ಮುಂದ ನಡೀಲಿಕ್ಕೆ?”

“ಐದು ವರ್ಷದ ನಂತರ ಏನಾಗಬೇಕಂತ ಗುರಿ ಅದ?”

“ದೇವರು ಇಟ್ಟಂಗ.”

ಹಾಳೆಯಲ್ಲಿ ‘ದೇವರು ಇಟ್ಟಂಗ’ ಎನ್ನುವ ಚೌಕ ಇರಲಿಲ್ಲ. ‘ನನಗೆ ನಿರ್ದಿಷ್ಟ ಗುರಿಗಳಿಲ್ಲ’ ಎಂಬುದಿತ್ತು. ಅಲ್ಲಿ ಟಿಕ್ ಹಾಕಿದೆ. ಹಾಕಿದ್ದು ನಾನೇ, ನನ್ನದೇ ಪೆನ್ನಿನಿಂದ. ಮೊಣಕಾಲಿನ ಮಾತು, ಕುಳಿತು ಮಾಡುವ ಕೆಲಸದ ಮಾತು ಎಲ್ಲವನ್ನೂ ಕೇಳಿದ್ದ ಮನುಷ್ಯ ನಾನು. ಆದರೂ ಹಾಕಿದೆ. ಪರೀಕ್ಷೆ ನಡೆಸುವವನಿಗೆ ಒಮ್ಮೆ ಪೆನ್ನು ಕೈಗೆ ಬಂದರೆ ಬುದ್ಧಿ ಎಲ್ಲಿ ಹೋಗುತ್ತದೋ ಕಾಣೆ.

ವಾರದೊಳಗೆ ರಿಪೋರ್ಟ್ ಬಂತು. ಬಣ್ಣಬಣ್ಣದ ಚಕ್ರಗಳು, ಕಂಬಗಳು, ಜಾತ್ರೆಯ ಮಿಠಾಯಿಯಂತೆ. ಬಾಬ್ ನನ್ನನ್ನು ಕರೆಸಿಯೇ ತೋರಿಸಿದರು. ಖುಷಿಯಲ್ಲಿ ಕುರ್ಚಿಯಲ್ಲಿ ಕೂರುತ್ತಲೇ ಇರಲಿಲ್ಲ.

“ಶೇಟ್, ಹದಿನೈದರಲ್ಲಿ ಹದಿನಾಲ್ಕು ಜನ ಹುಟ್ಟು ಲೀಡರ್‌ಗಳು! ಮೇಡಂ ಇಂಥ ಟೀಮನ್ನು ಎಲ್ಲೂ ನೋಡಿಲ್ಲವಂತೆ. ನಮ್ಮ ಹೋಟೆಲುಗಳಿಗೆಲ್ಲ ಈಗಾಗಲೇ ಮೇಲ್ ಮಾಡಿಬಿಟ್ಟೆ.”

“ಮತ್ತೆ ಹದಿನೈದನೆಯವರು?”

ಬಾಬ್ ಮುಖ ಸಣ್ಣದು ಮಾಡಿದರು. “ನೀಲವ್ವ. ಯಾರು ಅಂದುಕೊಂಡಿದ್ದರು ಹೇಳಿ? ಮೋಟಿವೇಶನ್ ಇಲ್ಲ, ಗುರಿ ಇಲ್ಲ, ಜನರ ಜೊತೆ ಬೆರೆಯುವ ಮನಸ್ಸಿಲ್ಲ. ಒಂಟಿ ಕೆಲಸಕ್ಕೆ ಸೂಕ್ತ ಎಂದು ಬಂದಿದೆ. ನೋಡಿ, ಹನ್ನೆರಡು ವರ್ಷ ನಾವು ಮೋಸಹೋಗಿದ್ದೆವು!”

ಮೊದಲ ಸ್ಥಾನ ಯಾರಿಗೆ ಗೊತ್ತೇ? ಕಸ್ತೂರಿಗೆ. ಅತ್ತೆಯ ಬಾಯಿ ಸಾಮಾನ್ಯದ್ದಲ್ಲ.

ಸೋಮವಾರದಿಂದ ಇಪ್ಪತ್ತನಾಲ್ಕು ವರ್ಷದ ಕಸ್ತೂರಿ ಸೂಪರ್‌ವೈಜರ್. ಅವಳ ಕೈಕೆಳಗೆ ಟವೆಲ್ಲು ಮಡಚುವವಳು ಗಂಗವ್ವ. ಮೋತಿ ಡೊಂಗರ್‌ನ ಆ ಒಂದೂವರೆ ಕೋಣೆಯ ಮನೆಯಲ್ಲಿ ಏನಾಗಿರಬೇಕೆಂದು ಊಹಿಸಿಕೊಳ್ಳಿ. ಹಗಲು ಸೊಸೆ ಅತ್ತೆಗೆ “ಟವೆಲ್ಲಿನ ಮೂಲಿ ಸರಿ ಮಾಡ್ರಿ” ಅನ್ನಬೇಕು, ಸಂಜೆ ಅದೇ ಸೊಸೆ ಅದೇ ಅತ್ತೆಗೆ ರೊಟ್ಟಿ ಬಡಿಯಬೇಕು. ಮೂರನೆಯ ದಿನಕ್ಕೆ ಇಬ್ಬರ ಮಾತು ನಿಂತಿತು. “ಹೊಗಳಿದ್ದು ನಂದ ತಪ್ಪು” ಎಂದು ಗಂಗವ್ವ ಗೋಡೆಗೆ ಹೇಳುತ್ತಿದ್ದಳಂತೆ. ಗೋಡೆಯ ಪಕ್ಕದಲ್ಲೇ ಸೊಸೆ.

ಮತ್ತೆ ನೀಲವ್ವ? ಅವಳನ್ನು ಡಾಗಿನ ಕೋಣೆಗೆ ಹಾಕಿದರು. ವೈನು, ಮೀನಿನ ಸಾರು, ಮೆಹಂದಿ, ವಿದೇಶಿಯರು ಮೈಗೆ ಬಳಿದುಕೊಳ್ಳುವ ಎಣ್ಣೆ, ಹೀಗೆ ಮಷೀನಿಗೆ ಬಗ್ಗದ ಕಲೆಗಳನ್ನೆಲ್ಲ ಕೈಯಲ್ಲಿ ಉಜ್ಜಿ ತೆಗೆಯುವ ಕೋಣೆ ಅದು. ಅಲ್ಲಿ ಒಬ್ಬರೇ. ನಲ್ಲಿಯ ಬುಡದಲ್ಲಿ, ಗೇಣೆತ್ತರದ ಮಣೆಯ ಮೇಲೆ, ಕುಕ್ಕರಗಾಲಲ್ಲಿ.

ಪುಡಿ ಇಳಿಸಲು ಹೋದಾಗ ಇಣುಕಿ ನೋಡಿದೆ. “ಕುಂತ ಮಾಡೂ ಕೆಲಸ ಬೇಕಂದಿದ್ನೆಲ್ರಿ, ಸಿಕ್ಕೇತಿ ನೋಡ್ರಿ” ಅಂದು ನಕ್ಕಳು. ಏಳಲು ಹೋಗಿ ಗೋಡೆ ಹಿಡಿದಳು. ಎರಡು ಸಲ ಹಿಡಿಯಬೇಕಾಯಿತು.

“ನೀಲವ್ವ, ನಾ ಬಾಬ್‌ಗೆ ಖರೇ ಹೇಳ್ತೀನಿ. ಒಬ್ಬರದು ಇನ್ನೊಬ್ಬರು ಹೇಳಿದ್ದು ಅಂತ ಹೇಳಿಬಿಡ್ತೀನಿ.”

“ಬ್ಯಾಡ್ರಿ. ಆ ಹುಡುಗಿ ಕಸ್ತೂರಿ ಜಾಗ ಹೊಕ್ಕೈತಿ. ಅಕಿ ಏನ ಕೇಳಿದ್ಲೇನ?”

ನಾನು ಸುಮ್ಮನಾದೆ. ಅವಳು ಬೇಡವೆಂದಳು ಎಂಬ ಕಾರಣಕ್ಕೆ ಎಂದು ಬರೆಯಬಹುದಿತ್ತು. ಓದುಗರ ಎದುರು ಸುಳ್ಳೇಕೆ? ನಾನೇ ಕೂತು ನಡೆಸಿದ ಪರೀಕ್ಷೆ ಅಂದರೆ ಪುಡಿಯ ಆರ್ಡರಿಗೆ ಎಲ್ಲಿ ನೀರು ಬೀಳುತ್ತದೋ ಎಂಬ ಹೆದರಿಕೆ. ಎರಡು ವಾರ ಆ ಹೆದರಿಕೆಯನ್ನೇ ತಿಂದುಕೊಂಡಿದ್ದೆ. ಆ ನಡುವೆ ಫೋನಿನಲ್ಲಿ ಪುಕ್ಕಟೆ ಸಿಗುವ ಅಂಥದೇ ಒಂದು ಟೆಸ್ಟನ್ನು ನಾನೂ ಮಾಡಿ ನೋಡಿದೆ. ‘ಇತರರ ಮೆಚ್ಚುಗೆಯ ಹಂಬಲ ಅತಿ ಹೆಚ್ಚು’ ಎಂದು ಬಂತು. (ವಾರವಾರ ಅಂಕಣ ಬರೆಯುವವನಿಗೆ ಇದನ್ನು ಹೇಳಲು ಕಂಪ್ಯೂಟರ್ ಬೇಕಿತ್ತೇ?)

ಮೂರನೆಯ ವಾರ ಮನಸ್ಸು ತಡೆಯದೆ ಹೋಗಿ ಹೇಳಿಯೇಬಿಟ್ಟೆ. ಬಾಬ್ ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದರು. ಮತ್ತೊಮ್ಮೆ ಟೆಸ್ಟ್ ಇಡಿಸಿದರು.

ಈ ಸಲ ಕಟ್ಟುನಿಟ್ಟು. ಒಬ್ಬೊಬ್ಬರಾಗಿ ಕ್ಯಾಬಿನ್ನಿಗೆ ಬರಬೇಕು. ಮೇಡಂ ಎದುರಿಗೇ ಇರುತ್ತಾರೆ. ತಮ್ಮದನ್ನು ತಾವೇ ಹೇಳಬೇಕು. ನಾನು ತುಟಿ ಅಲ್ಲಾಡಿಸುವ ಯಂತ್ರ, ಅಷ್ಟೇ.

ಗಂಗವ್ವನನ್ನು ಕೇಳಿದೆ: “ನಿಮ್ಮ ಕೆಲಸದ ಬಗ್ಗೆ ಹೆಮ್ಮೆ ಅದ ಏನು?”

“ಹೆಮ್ಮಿ ಯಾಕ್ರಿ? ಮಂದಿ ಸೊಕ್ಕ ಅಂತಾರ.”

ಇನ್ನೊಬ್ಬಳು ಎಲ್ಲದಕ್ಕೂ “ಏನೋ ರೀ, ನಡದೈತಿ” ಅಂದಳು. ಮತ್ತೊಬ್ಬಳು ನಲವತ್ತು ಪ್ರಶ್ನೆಗೂ ನಕ್ಕಳು. ಕಸ್ತೂರಿ ಒಂದಕ್ಕೂ ಉತ್ತರಿಸದೆ ಅತ್ತುಬಿಟ್ಟಳು. “ನನ್ನ ಮೊದಲಿನ ಟೇಬಲಿಗೆ ಹಾಕ್ರಿ. ಅತ್ತಿ ನನ್ನ ಕೂಡ ಮಾತ ಬಿಟ್ಟಾಳ್ರಿ. ಆವತ್ತ ಹೊಗಳಿದ್ದ ಬಾಯಿ, ಈಗ ಬೈಯೂದೂ ಇಲ್ಲ.”

ಲ್ಯಾಪ್‌ಟಾಪ್ ಅಂದೇ ಸಂಜೆ ತೀರ್ಪು ಕೊಟ್ಟಿತು. ಹದಿನೈದಕ್ಕೆ ಹದಿನೈದೂ ಜನರಲ್ಲಿ ಮೋಟಿವೇಶನ್ ಇಲ್ಲ. ತಂಡ ಅಪಾಯದ ಅಂಚಿನಲ್ಲಿದೆ. ತುರ್ತಾಗಿ ಎರಡು ದಿನದ ಪ್ರೇರಣಾ ಶಿಬಿರ ನಡೆಸಬೇಕು.

ಬಾಬ್ ತಲೆಯ ಮೇಲೆ ಕೈ ಹೊತ್ತರು. “ಮೂರು ವಾರದ ಹಿಂದೆ ಹದಿನಾಲ್ಕು ಲೀಡರ್‌ಗಳಿದ್ದರಲ್ಲ, ಅವರೆಲ್ಲ ಎಲ್ಲಿಗೆ ಹೋದರು?”

ಅದಿತಿ ಮೇಡಂ ಬಗ್ಗೆ ಇಲ್ಲಿ ಒಂದು ಒಳ್ಳೆಯ ಮಾತು ಬರೆಯಬೇಕು. (ಅವರು ಬಾಜೂಕ ಇಲ್ಲ, ಆದರೂ.) ಅವರಿಗೆ ಬುದ್ಧಿಯಿತ್ತು, ಜೊತೆಗೆ ಸಂಕೋಚವೂ ಇತ್ತು. ನೀಲವ್ವನನ್ನು ಮತ್ತೆ ಕರೆಸಿ, ಹಾಳೆ ಪಕ್ಕಕ್ಕಿಟ್ಟು, “ಇವರನ್ನು ಕೇಳಿ, ಉಳಿದ ಹದಿನಾಲ್ಕು ಜನ ಹೇಗೆ?” ಎಂದರು.

ನೀಲವ್ವ ಶುರು ಮಾಡಿದಳು. ಈಕೆಗೆ ಎಡಗೈ ಬಲ, ಆ ಕಡೆ ನಿಲ್ಲಿಸಿದರೆ ಇಬ್ಬರ ಕೆಲಸ ಮಾಡುತ್ತಾಳೆ. ಆಕೆಗೆ ಅಂಕಿ ಓದಲು ಬರುವುದಿಲ್ಲ, ಆದರೆ ಹೊಲಿಗೆ ನೋಡಿ ಹೋಟೆಲು ಹೇಳುತ್ತಾಳೆ, ಚೀಟಿ ಕೊಡಬೇಡಿ. ಇನ್ನೊಬ್ಬಳು ಬುಧವಾರ ಉಪವಾಸ, ಅವತ್ತು ರೋಲರ್ ಹತ್ತಿರ ಹಾಕಬೇಡಿ, ಸೆಕೆಗೆ ತಲೆ ತಿರುಗುತ್ತದೆ. ಕಸ್ತೂರಿ ಜಾಣೆ, ಮುಂದೆ ಸೂಪರ್‌ವೈಜರ್ ಆಗುತ್ತಾಳೆ, ಇವತ್ತಲ್ಲ. ಅತ್ತೆಯ ಮೇಲೆ ಕೂರಿಸಿದರೆ ಯಾವ ಸೊಸೆಗಾದರೂ ಕೆಲಸ ಹೇಗೆ ಬಂದೀತು?

ನಾನು ಅನುವಾದಿಸಿ ಅನುವಾದಿಸಿ ಸುಸ್ತಾದೆ. ಮೇಡಂ ಲ್ಯಾಪ್‌ಟಾಪ್ ಮುಚ್ಚಿ ಬಹಳ ಹೊತ್ತಾಗಿತ್ತು.

“ಬಾಬ್, ಸೂಪರ್‌ವೈಜರ್ ಇವರೇ,” ಎಂದರು. “ತಪ್ಪು ಇವರದಲ್ಲ, ನಮ್ಮ ಹಾಳೆಯದು.”

“ಹಾಗಾದರೆ ರಿಪೋರ್ಟಿನಲ್ಲಿ ಹಾಗೇ ಬರಲಿ,” ಎಂದರು ಬಾಬ್.

“ಅದು ಕಂಪ್ಯೂಟರಿನಿಂದ ಬರುವುದು. ಉತ್ತರ ಬದಲಾದರೆ ಮಾತ್ರ ರಿಪೋರ್ಟ್ ಬದಲಾಗುತ್ತದೆ.”

“ಮತ್ತೆ ಹೋಟೆಲಿನವರಿಗೆಲ್ಲ ಕಳಿಸಿಬಿಟ್ಟಿದ್ದೇನಲ್ಲ! ಎಲ್ಲರಿಗಿಂತ ಕೆಳಗೆ ಇರುವವಳನ್ನು ಮೇಲೆ ಕೂರಿಸಿದೆ ಎಂದರೆ ನಗುವುದಿಲ್ಲವೇ? ಸ್ವಲ್ಪ ದಿನ ಹೋಗಲಿ.”

ಸ್ವಲ್ಪ ದಿನ! ಮೊಣಕಾಲಿಗೆ ಈ ಮಾತನ್ನು ಯಾರು ಅನುವಾದಿಸಬೇಕು?

ಆ ವಾರಾಂತ್ಯಕ್ಕೆ ನೀಲವ್ವನ ಮೊಣಕಾಲು ಕುಂಬಳಕಾಯಿಯಷ್ಟಾಯಿತು. ಇನ್ನು ಬರುವುದಿಲ್ಲ, ಹೆಸರು ಹೊಡೆದುಹಾಕಿ ಎಂದು ಕಸ್ತೂರಿಯ ಕೈಲಿ ಹೇಳಿ ಕಳಿಸಿದಳು.

ಸೋಮವಾರ ಬೆಳಿಗ್ಗೆ ನಾನಿನ್ನೂ ಅಂಗಡಿಯ ಶಟರ್ ಎತ್ತುತ್ತಿದ್ದೆ, ಬಾಬ್ ಫೋನ್. “ಶೇಟ್, ಬೇಗ ಮೋತಿ ಡೊಂಗರ್‌ಗೆ ಹೋಗಿ. ನಮ್ಮ ಟೆಂಪೊ ನಿಂತಿದೆಯಂತೆ, ಹೆಂಗಸರು ಹತ್ತುತ್ತಿಲ್ಲವಂತೆ. ಸ್ಟ್ರೈಕೋ ಏನೋ ನೋಡಿ!”

ಹೋದೆ. ಗುಡ್ಡದ ಕೆಳಗೆ ಟೆಂಪೊ ನಿಂತಿತ್ತು. ಬುತ್ತಿ ಹಿಡಿದ ಹದಿನಾಲ್ಕು ಹೆಂಗಸರೂ ನಿಂತಿದ್ದರು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ ಬೀಡಿ ಹಚ್ಚಿದ್ದ.

“ಯಾಕವ್ವಾ, ಏನಾತು? ಸ್ಟ್ರೈಕ್ ಏನು?”

“ಅಯ್ಯ, ಸ್ಟ್ರೈಕ್ ಯಾಕ ಮಾಡೂಣ್ರಿ?” ಗಂಗವ್ವನಿಗೇ ಆಶ್ಚರ್ಯ. “ದಿನಾ ಅಕ್ಕ ಹತ್ತಿದ ಮ್ಯಾಲೆ ಹತ್ತತಿದ್ದಿವಿ. ಇವತ್ತ ಅಕ್ಕ ಇಲ್ಲ. ಕಾಲ ಏಳವಲ್ವು.”

“ನಾನೂ ಹತ್ರಿ ಹತ್ರಿ ಅಂದ್ನಿ,” ಎಂದಳು ಕಸ್ತೂರಿ. “ಮತ್ತ ನೋಡಿದ್ರ ನಾನೂ ಹತ್ತಿಲ್ಲ.”

ಬಾಬ್ ಫೋನಿನಲ್ಲೇ ಇದ್ದರು. ಸ್ಪೀಕರ್ ಹಾಕಿಸಿ ಭಾಷಣ ಶುರು ಮಾಡಿದರು. ಕಂಪನಿ ಒಂದು ಕುಟುಂಬ, ನೀವೆಲ್ಲ ಅದರ ಆಸ್ತಿ, ನಿಮ್ಮೊಳಗಿನ ಶಕ್ತಿ ನಿಮಗೇ ಗೊತ್ತಿಲ್ಲ. (ರಿಪೋರ್ಟಿನ ಎರಡನೆಯ ಪುಟ.) ನಾನು ಒಂದಕ್ಷರ ಬಿಡದ ಹಾಗೆ ಕನ್ನಡಕ್ಕೆ ತಂದೆ. ಎಲ್ಲರೂ ಭಕ್ತಿಯಿಂದ ಕೇಳಿದರು. ಯಾರೂ ಹತ್ತಲಿಲ್ಲ.

ಆಗ ಗುಡ್ಡದ ಮೆಟ್ಟಿಲ ಮೇಲೆ ನೀಲವ್ವ ಕಂಡಳು. ಹಾರ್ನ್ ಕೇಳಿ ಮನೆಯೊಳಗೆ ತಡೆಯಲಾಗಿಲ್ಲ. ಒಂದು ಕೈ ಗೋಡೆಗೆ, ಒಂದು ಕೈ ಮೊಣಕಾಲಿಗೆ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ಬಿಡುತ್ತ ಅರ್ಧದವರೆಗೆ ಇಳಿದಳು. ಅಲ್ಲಿಂದಲೇ ಕೂಗಿದಳು.

“ಏನ ನಿಂತೀರಿ ಗೊಂಬಿಗತೆ? ಹತ್ರಿ.”

ಹದಿನಾಲ್ಕೂ ಜನ ಹತ್ತಿದರು. ಡ್ರೈವರ್ ಬೀಡಿ ಎಸೆದು ಓಡಿಬಂದ.

ಫೋನಿನಲ್ಲಿ ಬಾಬ್ ಕೇಳುತ್ತಿದ್ದರು. “ಹಲೋ? ಹಲೋ ಶೇಟ್? ಏನಾಯಿತು?”

“ಹತ್ತಿದರು ಬಾಬ್.”

“ಹೇಗೆ? ಏನು ಹೇಳಿದಳು?”

“ಹತ್ರಿ ಅಂದಳು.”

“ಅಷ್ಟೇ?”

“ಅಷ್ಟೇ.”

“ಹಾಗಾದರೆ ಆ ಜಾಗ ಅವಳದೇ ಎಂದು ಹೇಳಿಬಿಡಿ” ಎಂದರು ಬಾಬ್. ಕಾಲಿನ ಬಾವು ಇಳಿಯಲು ಹತ್ತು ದಿನ ಹಿಡಿಯಿತು. ಹನ್ನೊಂದನೆಯ ದಿನ ನೀಲವ್ವ ಸೂಪರ್‌ವೈಜರ್ ಆಗಿ ಕೆಲಸಕ್ಕೆ ಬಂದಳು. ಹೋಟೆಲಿನವರು ಯಾರೂ ನಗಲಿಲ್ಲ. ಆ ಮೇಲ್ ಅನ್ನು ಯಾರೂ ತೆರೆದೇ ಇರಲಿಲ್ಲವಂತೆ.

ದೊಡ್ಡ ಮಂಚದ ಚಾದರ ಮಡಚಲು ಇಬ್ಬರು ಬೇಕು. ಎರಡೆರಡು ಮೂಲೆ ಹಿಡಿದು ದೂರ ನಿಂತು ಜಾಡಿಸಬೇಕು. ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಅವತ್ತು ನೀಲವ್ವ ಟವೆಲ್ಲಿನ ಮೇಜಿನಿಂದ ಗಂಗವ್ವನನ್ನು ಎಬ್ಬಿಸಿ ಚಾದರದ ಈ ತುದಿಗೆ ನಿಲ್ಲಿಸಿದಳು, ಆ ತುದಿಗೆ ಕಸ್ತೂರಿಯನ್ನು.

ಮೂರನೆಯ ಚಾದರಕ್ಕೆ ಅತ್ತೆ ಸೊಸೆ ಮಾತಾಡಿದರು.